ಲಾಯ ಬಿಡುವುದೋ, ಕುದುರೆ ಬಿಡುವುದೋ

ಜರ್ಮನಿಯಲ್ಲಿ ಕುದುರೆ ನೋಡಿಕೊಳ್ಳುವುದೂ ಒಂದು ಓದು. ಫೆರ್ಡೆವಿರ್ಟ್ ಎಂಬ ಆ ಕಸುಬಿಗೆ ಮೂರು ವರ್ಷದ ತರಬೇತಿ, ನಡುವೆ ಒಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ, ಆಮೇಲೆ ಕೈಗೊಂದು ಸರ್ಟಿಫಿಕೇಟು. 2010ರಲ್ಲಿ ಹೊಸದಾಗಿ ರೂಪಿಸಿದ ನಿಯಮದಂತೆ ಅದರಲ್ಲಿ ಐದು ಕವಲುಗಳಿವೆ: ಪಾಲನೆ ಮತ್ತು ಸೇವೆ, ತಳಿ ಸಾಕಣೆ, ಶಾಸ್ತ್ರೀಯ ಸವಾರಿ, ರೇಸು, ವಿಶೇಷ ಸವಾರಿ ಪದ್ಧತಿಗಳು. ಬಡಗಿಗೆ, ಬೇಕರಿಯವನಿಗೆ, ಎಲೆಕ್ಟ್ರಿಷಿಯನ್ನಿಗೆ ಯಾವ ವೃತ್ತಿ ಶಿಕ್ಷಣ ಕಾಯ್ದೆಯೋ ಲಾಯದ ಹುಡುಗ ಹುಡುಗಿಯರಿಗೂ ಅದೇ ಕಾಯ್ದೆ. ಕಾಗದದ ಮೇಲೆ ಇಷ್ಟು ಗಟ್ಟಿಯಾದ ವ್ಯವಸ್ಥೆ ಕುದುರೆ ಲೋಕದಲ್ಲಿ ಅಪರೂಪ. ಆದರೆ ಅದನ್ನು ಅಳೆಯಬೇಕಾದದ್ದು ಗೆದ್ದವರ ಪದಕಗಳಿಂದಲ್ಲ. ಬೆಳಗಿನ ಜಾವ ಲದ್ದಿ ಬಾಚುತ್ತ "ಇದನ್ನು ಬಿಟ್ಟುಬಿಡಲೇ?" ಎಂದು ತನ್ನೊಳಗೇ ಕೇಳಿಕೊಳ್ಳುವ ಹದಿನೆಂಟರ ಹುಡುಗಿಗೆ ಅದು ಏನು ಉತ್ತರ ಕೊಡುತ್ತದೆ ಎಂಬುದರಿಂದ.

ಮೊದಲು ಲಾಯದ ಪರವಾಗಿ ಎರಡು ಮಾತು. ಸವಾರಿಯ ಕನಸು ಹೊತ್ತು ಬಂದವರ ಕೈಗೆ ಲಗಾಮಿಗಿಂತ ಮೊದಲು ಸಿಗುವುದು ಲದ್ದಿ ಎತ್ತುವ ಕವೆಗೋಲು. ಇದನ್ನು ಮೊದಲ ವಾರವೇ ಶೋಷಣೆ ಎಂದು ಬೈದುಕೊಳ್ಳುವವರಿಗೆ ಕಸುಬು ಗೊತ್ತಿಲ್ಲ. ಕುದುರೆ ವಾಂತಿ ಮಾಡಲಾರದ ಪ್ರಾಣಿ. ಕೋಲಿಕ್ ಎಂಬ ಅದರ ಹೊಟ್ಟೆನೋವು ಉಲ್ಬಣಿಸಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು. ರಾತ್ರಿ ಎಷ್ಟು ಲದ್ದಿ ಹಾಕಿದೆ, ಅದು ಗಟ್ಟಿಯೋ ಸಡಿಲವೋ, ಬಕೆಟ್ಟಿನ ನೀರು ಎಷ್ಟು ಇಳಿದಿದೆ, ಹಾಸಿದ ಹುಲ್ಲು ಒದ್ದಾಡಿದಂತೆ ಕೆದರಿದೆಯೇ ಎಂಬುದನ್ನೆಲ್ಲ ಬೆಳಿಗ್ಗೆ ಮೊದಲು ಓದುವವರು ಕವೆಗೋಲು ಹಿಡಿದವರೇ. ಗೊರಸಿನ ಅಡಿಯನ್ನು ಕೆರೆಯುವಾಗ ಮೂಗಿಗೆ ಬಡಿಯುವ ಕೊಳೆತ ವಾಸನೆಯನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಬೆನ್ನು ನೋಯುವ, ಕೈ ಬಿರಿಯುವ ಈ ಕೆಲಸ ಅರ್ಧ ವಿದ್ಯೆಯೇ ಸರಿ.

ಪ್ರಶ್ನೆ ಏಳುವುದು ಓದು ಆ ಒಂದೇ ಪುಟದಲ್ಲಿ ನಿಂತುಹೋದಾಗ. ತರಬೇತಿಯ ಉದ್ದೇಶಕ್ಕೆ ಒದಗುವ, ಕಲಿಯುವವರ ದೇಹಶಕ್ತಿಗೆ ತಕ್ಕ ಕೆಲಸವನ್ನಷ್ಟೇ ಕೊಡಬೇಕು ಎನ್ನುತ್ತದೆ ಕಾಯ್ದೆ. ಮೊದಲ ತಿಂಗಳಲ್ಲಿ ಲಾಯದ ಇಪ್ಪತ್ತು ಅಂಕಣ ಬಾಚುವುದು ಪಾಠ. ಎರಡನೆಯ ವರ್ಷದಲ್ಲೂ ಅದೇ ಇಪ್ಪತ್ತು ಅಂಕಣ, "ಇವತ್ತು ಏನು ಕಂಡೆ?" ಎಂದು ಕೇಳುವವರು ಯಾರೂ ಇಲ್ಲ ಎಂದಾದರೆ ಅದು ಅಗ್ಗದ ಕೂಲಿ. ಎರಡೂ ದಿನ ಕವೆಗೋಲು ಒಂದೇ, ಲದ್ದಿಯೂ ಒಂದೇ. ಹಾಗಾಗಿಯೇ ಗೆರೆ ದಾಟಿದ್ದು ಯಾವಾಗ ಎಂದು ಒಳಗಿದ್ದವರಿಗೆ ತಿಳಿಯುವುದಿಲ್ಲ.

ಕೂಲಿಯ ಮಾತು ಬಂತು, ಲೆಕ್ಕ ನೋಡಿಬಿಡಬಹುದು. 2020ರಲ್ಲಿ ಜರ್ಮನಿ ತರಬೇತಿಯವರಿಗೆ ಕನಿಷ್ಠ ಭತ್ಯೆ ನಿಗದಿ ಮಾಡಿತು. ಮೊದಲ ವರ್ಷಕ್ಕೆ ಆಗ ತಿಂಗಳಿಗೆ 515 ಯೂರೋ, 2025ರಲ್ಲಿ 682. ವಾರಕ್ಕೆ 40 ಗಂಟೆ ಎಂದರೆ ಗಂಟೆಗೆ ನಾಲ್ಕು ಯೂರೋ ಕೂಡ ಬೀಳದು. ಅದೇ ವರ್ಷ ಮಾಮೂಲಿ ಕೆಲಸಗಾರರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಊಟ ವಸತಿಯನ್ನು ಮಾಲೀಕನೇ ಕೊಟ್ಟರೆ ಭತ್ಯೆಯ ಶೇಕಡ 75ರವರೆಗೆ ಅದರಲ್ಲೇ ಮುರಿದುಕೊಳ್ಳಬಹುದು. ಲಾಯದ ಮೇಲಿನ ಕೋಣೆಯಲ್ಲೇ ಮಲಗುವವರಿಗೆ ಕೆಲಸ ಹೋಯಿತೆಂದರೆ ಮನೆಯೂ ಹೋಯಿತು. ಕಲಿಕೆ ನಿಜವಾಗಿ ನಡೆಯುತ್ತಿದ್ದರೆ ಕೂಲಿಯ ಈ ವ್ಯತ್ಯಾಸವನ್ನು ಗುರುದಕ್ಷಿಣೆ ಎನ್ನೋಣ. ನಡೆಯದಿದ್ದರೆ ಆ ಹಣ ಯಾರ ಜೇಬಿಗೆ ಹೋಗುತ್ತಿದೆ ಎಂದು ಕೇಳುವುದು ಒರಟುತನವಾಗಲಾರದು.

ಈ ಪದ್ಧತಿಯ ದೊಡ್ಡ ವಿಪರ್ಯಾಸ ಇರುವುದು ಅದರ ಹೆಮ್ಮೆಯಲ್ಲೇ. ಹಳೆಯ ಅಶ್ವದಳದ ಕೈಪಿಡಿಗಳಿಂದ ಬೆಳೆದುಬಂದ, ಕುದುರೆಗಳಿಗಾಗಿ ಇರುವ ಆರು ಮೆಟ್ಟಿಲ ತರಬೇತಿ ಕ್ರಮವೊಂದು ಅಲ್ಲಿದೆ. ಮೊದಲ ಮೆಟ್ಟಿಲು ನಡಿಗೆಯ ಲಯ. ಎರಡನೆಯದು ಲೋಸ್‌ಗೆಲಾಸೆನ್‌ಹೈಟ್, ಎಂದರೆ ಮೈಯೂ ಮನಸ್ಸೂ ಬಿಗಿ ಸಡಿಲಿಸಿದ ಸ್ಥಿತಿ. ಬೆನ್ನು ಸೆಟೆದುಕೊಂಡ, ಹೆದರಿದ ಕುದುರೆ ಮುಂದಿನದನ್ನು ಕಲಿಯಲಾರದು, ಆದ್ದರಿಂದ ಅವಸರಿಸಬಾರದು ಎಂದು ಪ್ರತಿ ತರಬೇತುದಾರನೂ ಬಾಯಿಪಾಠ ಒಪ್ಪಿಸುತ್ತಾನೆ. ಕುದುರೆಯ ಕಿವಿ ಹಿಂದೆ ಹೋದರೆ ಕಾರಣ ಹುಡುಕುತ್ತಾನೆ: ಜೀನು ಒತ್ತುತ್ತಿದೆಯೇ, ಹಲ್ಲು ನೋಯುತ್ತಿದೆಯೇ? ಅದೇ ಅಂಗಳದಲ್ಲಿ ಶಿಷ್ಯೆಯ ಮುಖ ಬಾಡಿದರೆ ಉತ್ತರ ಸಿದ್ಧವಾಗಿರುತ್ತದೆ. ಕಲಿಕೆಯ ವರ್ಷಗಳು ದೊರೆತನದ ವರ್ಷಗಳಲ್ಲ ಎಂಬ ಅರ್ಥದ ಗಾದೆ ಜರ್ಮನ್ನರಲ್ಲಿದೆ. ಆ ಗಾದೆಯನ್ನು ಕುದುರೆಗೆ ಯಾರೂ ಹೇಳಿದ್ದಿಲ್ಲ.

ಇನ್ನು ಬಿಡುವ ದಾರಿ. ಮೊದಲ ಒಂದರಿಂದ ನಾಲ್ಕು ತಿಂಗಳು ಪರೀಕ್ಷಾರ್ಥ ಅವಧಿ. ಆಗ ಯಾರು ಬೇಕಾದರೂ ಕಾರಣ ಹೇಳದೆ, ನೋಟಿಸು ಕೊಡದೆ ಕೈತೊಳೆದುಕೊಳ್ಳಬಹುದು. ಕೇಳಲು ಉದಾರ. ಆದರೆ ತರಬೇತಿ ಸಾಮಾನ್ಯವಾಗಿ ಶುರುವಾಗುವುದು ಆಗಸ್ಟ್ ಹೊತ್ತಿಗೆ. ನಾಲ್ಕು ತಿಂಗಳೆಂದರೆ ನವೆಂಬರಿನ ಕೊನೆ. ಕುದುರೆಗಳು ಇನ್ನೂ ಬಯಲಲ್ಲಿ ಮೇಯುವ, ಕೆಲಸ ಹಗುರವಾಗಿರುವ ತಿಂಗಳುಗಳು ಅಷ್ಟರಲ್ಲಿ ಮುಗಿದಿರುತ್ತವೆ. ನೀರಿನ ತೊಟ್ಟಿ ಹೆಪ್ಪುಗಟ್ಟುವ ಜನವರಿ, ಮರಿ ಹಾಕುವ ಹೆಣ್ಣುಗುದುರೆಯ ಕಾವಲಿಗೆ ರಾತ್ರಿ ನಿದ್ದೆಗೆಡುವ ವಸಂತ, ಯಜಮಾನನ ಸಿಟ್ಟು ನೆತ್ತಿಗೇರುವ ಸ್ಪರ್ಧೆಗಳ ಕಾಲ, ಇವೆಲ್ಲ ಬರುವುದು ಆ ಅವಧಿ ಮುಗಿದ ಮೇಲೆ. ಮದುವೆಗೆ ಮುಂಚೆ ಹಬ್ಬದ ದಿನ ಮಾತ್ರ ಮನೆ ನೋಡಿ ಬಂದ ಹಾಗೆ.

ಅದಾದ ಮೇಲಿನ ನಿಯಮ ಇನ್ನೂ ಸ್ವಾರಸ್ಯದ್ದು. ತರಬೇತಿಯನ್ನೇ ಕೈಬಿಡುತ್ತೇನೆ ಅಥವಾ ಬೇರೆ ಕಸುಬು ಕಲಿಯುತ್ತೇನೆ ಎನ್ನುವವರು ಲಿಖಿತವಾಗಿ ಕಾರಣ ಹೇಳಿ, ನಾಲ್ಕು ವಾರದ ನೋಟಿಸು ಕೊಟ್ಟು ಹೋಗಬಹುದು. ಇದೇ ಕಸುಬನ್ನು ಬೇರೆ ಲಾಯದಲ್ಲಿ ಕಲಿಯುತ್ತೇನೆ ಎನ್ನುವವರಿಗೆ ಈ ಸಲೀಸು ದಾರಿ ಇಲ್ಲ. ಅವರು ಯಜಮಾನನನ್ನು ಒಪ್ಪಿಸಿ ಒಪ್ಪಂದ ಮುರಿದುಕೊಳ್ಳಬೇಕು, ಇಲ್ಲವೇ ಗಂಭೀರ ಕಾರಣವೊಂದನ್ನು ಮುಂದಿಟ್ಟು ಆ ಕ್ಷಣಕ್ಕೇ ಬಿಡಬೇಕು. ಆ ಕಾರಣವೂ ಅವರಿಗೆ ತಿಳಿದು ಎರಡು ವಾರಕ್ಕಿಂತ ಹಳೆಯದಾಗಿರಬಾರದು. ಆರು ತಿಂಗಳಿಂದ ಹಲ್ಲುಕಚ್ಚಿ ಸಹಿಸಿದವಳು ಸಹಿಸಿದ ತಪ್ಪಿಗೇ ಕಾರಣ ಕಳೆದುಕೊಳ್ಳುವ ಸಂಭವವಿದೆ.

ಅಂದರೆ ಕುದುರೆಯ ಮೇಲೆ ಮನಸ್ಸು ಮುರಿದವರಿಗೆ ಬಾಗಿಲು ತೆರೆದಿದೆ. ಮನಸ್ಸು ಮುರಿಯದವರು, ಯಜಮಾನನೊಬ್ಬನಿಂದ ಮಾತ್ರ ಬೇಸತ್ತವರು, ಬಾಗಿಲ ಕೀಲಿಗಾಗಿ ಅವನನ್ನೇ ಕೇಳಬೇಕು. ಶಿಷ್ಯರು ಲಾಯದಿಂದ ಲಾಯಕ್ಕೆ ಹಾರದಿರಲಿ, ಕಲಿಸಲು ಖರ್ಚು ಮಾಡಿದವನಿಗೆ ನಷ್ಟವಾಗದಿರಲಿ ಎಂಬ ಸಮರ್ಥನೆ ಇದಕ್ಕಿದೆ. ದೊಡ್ಡ ಕಾರ್ಖಾನೆಗೆ ಅದು ಒಪ್ಪಬಹುದು. ಒಬ್ಬ ಯಜಮಾನ, ಇಬ್ಬರು ಶಿಷ್ಯರು, ಮೂವತ್ತು ಕುದುರೆ ಇರುವ ಅಂಗಳದಲ್ಲಿ ಆ ಒಬ್ಬನ ಸ್ವಭಾವವೇ ಹವಾಮಾನ. ಬೇಡವಾದ ಲಾಯ ಮತ್ತು ಬೇಡವಾದ ಕಸುಬು ಬೇರೆ ಬೇರೆ ಎಂಬ ಸರಳ ಸಂಗತಿಯನ್ನು ಕಾನೂನೇ ಗೋಜಲು ಮಾಡಿರುವಾಗ, ಹದಿನೆಂಟರ ತಲೆ ಎರಡನ್ನೂ ಕಲಸಿಕೊಂಡರೆ ಆಶ್ಚರ್ಯವೇನು?

ಕಾನೂನಿಗಿಂತ ಬಿಗಿಯಾದ ಇನ್ನೊಂದು ಹಗ್ಗವೂ ಇದೆ. ಬಡಗಿಯ ಶಿಷ್ಯ ಬಿಟ್ಟುಹೋದರೆ ರಂದಕ್ಕೆ ಬೇಸರವಾಗದು. ಇಲ್ಲಿ ಹೆಜ್ಜೆ ಸಪ್ಪಳ ಕೇಳಿದೊಡನೆ ಕೆನೆಯುವ, ಬೇರೆಯವರಿಗೆ ಮೈ ಮುಟ್ಟಗೊಡದ ಹೆಣ್ಣುಗುದುರೆಯೊಂದು ಇರುತ್ತದೆ. "ನಾನು ಹೋದರೆ ಇದರ ಗತಿ?" ಎಂಬ ಮಾತು ಎಷ್ಟೋ ರಾಜೀನಾಮೆಗಳನ್ನು ಜೇಬಿನಲ್ಲೇ ಉಳಿಸುತ್ತದೆ. ಆ ಕುದುರೆ ಅವಳದ್ದಲ್ಲ. ಒಳ್ಳೆಯ ಬೆಲೆ ಬಂದ ದಿನ ಅವಳನ್ನು ಕೇಳದೆಯೇ ಅದು ಲಾರಿ ಹತ್ತುತ್ತದೆ. ಪ್ರಾಣಿಪ್ರೀತಿಯನ್ನು ಒತ್ತೆಯಾಗಿಟ್ಟು ದುಡಿಸಿಕೊಳ್ಳುವುದು ಈ ಕಸುಬಿನ ಅತ್ಯಂತ ಹಳೆಯ, ಅತ್ಯಂತ ಕಡಿಮೆ ಚರ್ಚೆಯಾದ ಜಾಣತನ.

ತಾಳ್ಮೆಯ ಪರವಾಗಿ ವಾದಿಸುವವರು ವಿಯೆನ್ನಾದತ್ತ ಕೈ ತೋರಿಸುತ್ತಾರೆ. ಅಲ್ಲಿನ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನ ವಿದ್ಯೆ 2015ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಪೂರ್ಣ ಸವಾರನಾಗಲು ಅಲ್ಲಿ ಹತ್ತು ವರ್ಷದ ಆಸುಪಾಸು ಬೇಕು. ಪಳಗಿದ ಮುದಿ ಲಿಪಿಜ್ಜಾನರ್ ಗಂಡುಕುದುರೆ ಎಳೆಯ ಸವಾರನಿಗೆ ಕಲಿಸುತ್ತದೆ, ಪಳಗಿದ ಸವಾರ ಎಳೆಯ ಕುದುರೆಗೆ. ಮೋಹಕ ಪದ್ಧತಿ, ಅನುಮಾನವಿಲ್ಲ. ಆದರೆ ಅದೇ ಶಾಲೆ ಹೆಣ್ಣುಮಕ್ಕಳನ್ನು ಶಿಷ್ಯರಾಗಿ ಮೊದಲು ಸೇರಿಸಿಕೊಂಡದ್ದು 2008ರಲ್ಲಿ. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಸಂಪ್ರದಾಯ ಎನಿಸಿಕೊಂಡದ್ದು ಒಂದು ತೀರ್ಮಾನದಿಂದ ಬದಲಾಯಿತು. ಕಷ್ಟದ ಯಾವ ಪಾಲು ವಿದ್ಯೆಗೆ ಬೇಕಾದದ್ದು, ಯಾವ ಪಾಲು ಬರೀ ರೂಢಿ ಎಂಬುದನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

ಕನ್ನಡನಾಡಿಗೆ ಇದು ತೀರ ದೂರದ ಮಾತೂ ಅಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯವರಾಗಿ ಮುಗಿಸಿದರು. ಅವರು ಪಳಗಿದ್ದು ಜರ್ಮನಿಯಲ್ಲಿ, ವಿಶ್ವ ಚಾಂಪಿಯನ್ ಆಗಿದ್ದ ಸಾಂಡ್ರಾ ಔಫಾರ್ಟ್ ಅವರ ಬಳಿ. ಮಿರ್ಜಾ ಅವರ ಹಿಂದೆ ಪ್ರಾಯೋಜಕರಿದ್ದರು, ಕೆಳಗೆ ಒಲಿಂಪಿಕ್ ದರ್ಜೆಯ ಕುದುರೆಯಿತ್ತು. ಅವರ ಫೋಟೋ ನೋಡಿ ತರಬೇತಿ ವೀಸಾ ಹಿಡಿದು ಹೊರಡುವವರ ಪರಿಸ್ಥಿತಿ ಬೇರೆ. ಅವರ ವಾಸದ ಪರವಾನಗಿ ಅದೇ ಒಪ್ಪಂದಕ್ಕೆ ಗಂಟುಹಾಕಿಕೊಂಡಿರುತ್ತದೆ. ತಮ್ಮ ತಪ್ಪಿಲ್ಲದೆ ತರಬೇತಿ ನಿಂತುಹೋದರೆ ಬೇರೆ ಜಾಗ ಹುಡುಕಲು ಆರು ತಿಂಗಳವರೆಗೆ ಅವಕಾಶ ಸಿಗುತ್ತದೆ. ತಾವಾಗಿಯೇ ಸಿಟ್ಟಿನಲ್ಲಿ ಬಿಟ್ಟು ಬಂದರೆ "ತಪ್ಪಿಲ್ಲ" ಎಂದು ಸಾಧಿಸುವುದು ಅವರ ತಲೆಗೇ ಬರುತ್ತದೆ. ಜರ್ಮನ್ ಹುಡುಗಿಗೆ ಒಂದು ಜಗಳವಾದದ್ದು ಇವರಿಗೆ ವಾಪಸು ವಿಮಾನ.

ಬಿಡುವುದು ಅಪರೂಪದ ಸಂಗತಿಯೇನಲ್ಲ. ಈಚಿನ ವರ್ಷಗಳಲ್ಲಿ ಜರ್ಮನಿಯ ಎಲ್ಲ ಕಸುಬುಗಳನ್ನೂ ಸೇರಿಸಿದರೆ ನೂರರಲ್ಲಿ ಸುಮಾರು ಮೂವತ್ತು ತರಬೇತಿ ಒಪ್ಪಂದಗಳು ಅವಧಿಗೆ ಮುನ್ನವೇ ಮುರಿಯುತ್ತಿವೆ. ಹಾಗೆ ಮುರಿದವರಲ್ಲಿ ಅನೇಕರು ಇನ್ನೊಂದು ಕಡೆ ಸೇರಿ ಕಲಿಕೆ ಮುಗಿಸುತ್ತಾರೆ. ಜಗಳ ಮುರಿಯುವ ಹಂತಕ್ಕೆ ಹೋಗುವ ಮುನ್ನ ಕೃಷಿ ಮಂಡಳಿಗಳಲ್ಲಿ ತರಬೇತಿ ಸಲಹೆಗಾರರೂ ಇದ್ದಾರೆ. ಅಂಗಳಕ್ಕೆ ಬಂದು ನೋಡುವ, ಇಬ್ಬರನ್ನೂ ಕೂರಿಸಿ ಮಾತನಾಡಿಸುವ, ಬೇರೆ ಲಾಯ ಹುಡುಕಲು ನೆರವಾಗುವ ಕೆಲಸ ಅವರದು. ಈ ವ್ಯವಸ್ಥೆಯ ಅತ್ಯುತ್ತಮ ಅಂಶ ಇದೇ ಇರಬಹುದು.

ಅವರು ಬಂದಾಗ ಮೊದಲು ಕೇಳುವಂಥದ್ದು ತರಬೇತಿಯ ದಿನಚರಿ ಪುಸ್ತಕ. ಪ್ರತಿ ವಾರ ಏನು ಕಲಿತೆ ಎಂದು ಶಿಷ್ಯೆ ಅದರಲ್ಲಿ ಬರೆಯಬೇಕು, ಅದಿಲ್ಲದೆ ಕೊನೆಯ ಪರೀಕ್ಷೆಗೆ ಪ್ರವೇಶವಿಲ್ಲ. ಮೂವತ್ತು ವಾರ ಒಂದೇ ಸಾಲು ತುಂಬಿದ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದರ ಪುಟಗಳ ಕೆಳಗೆ ಸಹಿ ಹಾಕಬೇಕಾದವನು ಮಾತ್ರ ಅದೇ ಯಜಮಾನ. ಹಾಗಾಗಿ ಎಷ್ಟೋ ಪುಸ್ತಕಗಳಲ್ಲಿ ಮಂಗಳವಾರದ ಕಾಲಮ್ಮಿನಲ್ಲಿ, ನಡೆಯದೇ ಇದ್ದ ಸವಾರಿ ಪಾಠವೊಂದು ದುಂಡಗಿನ ಅಕ್ಷರಗಳಲ್ಲಿ ನಡೆದುಹೋಗಿರುತ್ತದೆ.