ಅನ್ನದ ಸಾಲು, ವಿದ್ಯೆಯ ಸಾಲು: ದೇಸಿ ಅರಿವು ಮತ್ತು ಸಂಶೋಧನೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಾಳಾಮುಖರ ಕಾಲದ ದೊಡ್ಡ ವಿದ್ಯಾಕೇಂದ್ರ. ಅಲ್ಲಿಯ ಕೋಡಿಯಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಪ್ರಕಟಿಸಿದರು. ವೇದ, ವ್ಯಾಕರಣ, ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನ, ಲಾಕುಳ ಸಿದ್ಧಾಂತ, ಕಾವ್ಯ, ನಾಟಕ ಇವುಗಳ ಅಧ್ಯಯನಸ್ಥಾನವೆಂದು ಅದು ಮಠವನ್ನು ಕೊಂಡಾಡುತ್ತದೆ. ಈ ಪಟ್ಟಿಯನ್ನು ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಅದೇ ಶಾಸನದಲ್ಲಿ ಮತ್ತೊಂದು ಪಟ್ಟಿಯೂ ಇದೆ. ದೀನರು, ಅನಾಥರು, ಅಂಗವಿಕಲರ ಜೊತೆಗೆ ಹಾಡುಗಾರರು, ವಾದ್ಯಗಾರರು, ನರ್ತಕರು ಅಲ್ಲಿ ಮಠದ ಅನ್ನದಾನಕ್ಕೆ ಪಾತ್ರರು. ನಾಟಕವೆಂಬ ಶಾಸ್ತ್ರ ವಿದ್ಯೆಯ ಸಾಲಿನಲ್ಲಿದ್ದರೆ, ಕುಣಿಯಬಲ್ಲವರು ಅನ್ನದ ಸಾಲಿನಲ್ಲಿದ್ದಾರೆ.

ಈ ವಿಂಗಡಣೆ ಇಂದಿನ ಜಾನಪದ ಸಂಶೋಧನೆಯಲ್ಲಿಯೂ ಉಳಿದುಬಂದಿದೆ ಎಂಬುದು ಪ್ರಸ್ತುತ ಲೇಖನದ ನಿಲುವು. ಶಿಕಾರಿಪುರ, ಸೊರಬ, ಸಾಗರ ಸೀಮೆಯ ದೀವರ ಭೂಮಿಹುಣ್ಣಿಮೆಯನ್ನು ಗಮನಿಸಬಹುದು. ಭತ್ತ ತೆನೆಗಟ್ಟುವ ಹೊತ್ತಿನಲ್ಲಿ ಪೈರನ್ನು ಬಸುರಿಯೆಂದು ಭಾವಿಸಿ ಬಯಕೆಯ ಅಡುಗೆಯನ್ನು ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುವವರು ಹೆಂಗಸರು. ಹಸೆ ಚಿತ್ತಾರಕ್ಕೆ ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ ಬಳಕೆಯಲ್ಲಿವೆ. ಬೆಳೆಯ ಹದ, ಸೊಪ್ಪಿನ ಗುರುತು, ಬಣ್ಣದ ಪಾಕ, ರೇಖೆಯ ಲೆಕ್ಕ ಇವೆಲ್ಲ ಕೈಯಿಂದ ಕೈಗೆ ಕಲಿತು, ತಪ್ಪು ತಿದ್ದಿ ಬಂದ ಅರಿವು. ನಮ್ಮ ಪ್ರಬಂಧಗಳಲ್ಲಾದರೋ ಇದು ‘ಆಚರಣೆ’ ಎಂಬ ಅಧ್ಯಾಯಕ್ಕೆ ಸೇರುತ್ತದೆ. ಬರೆದವಳು ‘ವಕ್ತೃ’ ಎಂಬ ಹೆಸರಿನಲ್ಲಿ ಅನುಬಂಧ ಸೇರುತ್ತಾಳೆ. ಸಿದ್ಧಾಂತ ಮಾತ್ರ ಹೊರಗಿನಿಂದ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಸಂಶೋಧನೆಗಿಂತ ಮುಂದಿದೆ. 2002ರ ಜೀವವೈವಿಧ್ಯ ಕಾಯಿದೆಯು ಸಾಂಪ್ರದಾಯಿಕ ಜ್ಞಾನವನ್ನು ಹೊಂದಿರುವವರನ್ನು ಲಾಭದ ಹಕ್ಕುದಾರರೆಂದು ಗುರುತಿಸಿತು. ಸ್ಥಳೀಯರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕೆಂದು 2004ರ ನಿಯಮಗಳು ವಿಧಿಸಿದವು. 2011ರಲ್ಲಿ ಸ್ಥಾಪನೆಗೊಂಡ ಜಾನಪದ ವಿಶ್ವವಿದ್ಯಾಲಯವನ್ನೂ ಒಳಗೊಂಡಂತೆ ನಮ್ಮ ವಿದ್ಯಾಸಂಸ್ಥೆಗಳು ಈ ತತ್ತ್ವವನ್ನು ಸಂಶೋಧನಾ ವಿಧಾನಕ್ಕೂ ಅನ್ವಯಿಸಬೇಕಾಗಿದೆ.

ದೇಸಿಯಾದುದೆಲ್ಲ ಪ್ರಮಾಣವೆಂದು ಇದರ ಅರ್ಥವಲ್ಲ. ಶಾಸ್ತ್ರವನ್ನು ಪ್ರಶ್ನಿಸಿದಂತೆ ಗದ್ದೆಯ ಅರಿವನ್ನೂ ಪ್ರಶ್ನಿಸಬೇಕು. ಪೂರ್ವಪಕ್ಷಕ್ಕೆ ಉತ್ತರ ಹೇಳುವ ಅವಕಾಶ ಪಡೆದವನೇ ವಿದ್ವಾಂಸ. ವಕ್ತೃವಿಗೆ ಆ ಅವಕಾಶವನ್ನು ನಾವು ಕೊಟ್ಟಿಲ್ಲ. ಚಿತ್ತಾರ ಬರೆಯುವವಳು ಕೊಡುವ ವಿವರಣೆಯನ್ನು ಸಾಮಗ್ರಿಯಾಗಿ ಅಲ್ಲ, ವ್ಯಾಖ್ಯಾನವಾಗಿ ಓದಬೇಕು. ನಮ್ಮ ತೀರ್ಮಾನವನ್ನು ಅವಳ ಮುಂದಿಟ್ಟು ಅವಳ ಭಿನ್ನಮತವನ್ನೂ ಮುದ್ರಿಸಬೇಕು. ಕಲಾವಿದರಿಗೆ ಮಾಸಾಶನ, ಪ್ರಶಸ್ತಿಗಳು ಸಲ್ಲುತ್ತಿರುವುದು ಉಚಿತವೇ. ಆದರೆ ಅದು ಇನ್ನೂ ಅನ್ನದ ಸಾಲು. ವಿದ್ಯೆಯ ಸಾಲಿನಲ್ಲಿ ಅವರಿಗೆ ಸ್ಥಾನ ದೊರೆಯಬೇಕಾಗಿದೆ.