ವಿಸ್ಮೃತಿಯೂ ಅಪರಾಧಶೋಧನೆಯೂ: ‘ಬ್ಲೈಂಡ್‌ಸ್ಪಾಟ್’ ಧಾರಾವಾಹಿ

ಪತ್ತೇದಾರಿ ಕಥೆಗಳಲ್ಲಿ ಶೋಧಕನ ಮುಖ್ಯ ಆಯುಧವೆಂದರೆ ನೆನಪು. ಆ ಆಯುಧವನ್ನೇ ಕಸಿದುಕೊಂಡು ಕಥೆಯನ್ನು ಹೂಡಿದುದು ‘ಬ್ಲೈಂಡ್‌ಸ್ಪಾಟ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯ ಹೆಚ್ಚುಗಾರಿಕೆ. ಮಾರ್ಟಿನ್ ಗೆರೊ ರೂಪಿಸಿದ ಈ ಕೃತಿ 2015ರಿಂದ 2020ರವರೆಗೆ ಐದು ಭಾಗಗಳಲ್ಲಿ, 100 ಕಂತುಗಳಾಗಿ ಪ್ರಸಾರವಾಯಿತು.

ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಬಿದ್ದಿದ್ದ ಚೀಲವೊಂದರಿಂದ ಮೈತುಂಬ ಹಚ್ಚೆಯುಳ್ಳ ಹೆಂಗಸೊಬ್ಬಳು ಹೊರಬರುತ್ತಾಳೆ. ತಾನಾರೆಂಬುದನ್ನು ಅವಳರಿಯಳು, ಬೆನ್ನಿನ ಮೇಲೆ ಎಫ್‌.ಬಿ.ಐ. ಅಧಿಕಾರಿ ಕರ್ಟ್ ವೆಲ್ಲರನ ಹೆಸರಿದೆ. ಹಚ್ಚೆಗಳು ಒಂದೊಂದಾಗಿ ಅಪರಾಧಗಳ ಸುಳಿವು ಕೊಡುತ್ತವೆ. ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಶಾಕುಂತಲದ ಉಂಗುರ ನೆನಪಾಗದಿರದು. ಆದರೆ ಮಹಾಭಾರತದಲ್ಲಿಲ್ಲದ ಶಾಪವನ್ನು ತಂದು ಕಾಳಿದಾಸನು ದುಷ್ಯಂತನನ್ನು ಅಪವಾದದಿಂದ ಪಾರುಮಾಡಿದನು. ಇಲ್ಲಿಯಾದರೋ ಮರೆವು ಸ್ವಯಂಕೃತ. ಔಷಧದಿಂದ ತನ್ನ ನೆನಪನ್ನು ಅಳಿಸುವ ಯೋಜನೆ ತನ್ನದೇ ಎಂಬುದನ್ನು ಜೇನ್ ಮೊದಲ ಭಾಗದಲ್ಲಿಯೇ ತಿಳಿಯುತ್ತಾಳೆ. ಶೋಧಕಿಯೇ ಸಂಚಿನ ಕರ್ತೃ! ಮಾಡಿದವಳ ಹೊಣೆಯನ್ನು ಮರೆತವಳು ಹೊರಬೇಕೆ? ಇವಳನ್ನೇ ತನ್ನ ಬಾಲ್ಯದ ಗೆಳತಿ ಟೇಲರ್ ಶಾ ಎಂದು ನಂಬಿದ್ದ ವೆಲ್ಲರ್, ಆ ಗೆಳತಿಯ ಅವಶೇಷಗಳನ್ನು ಕಂಡ ಮೇಲೆ ಜೇನಳನ್ನು ಬಂಧಿಸುವ ಸನ್ನಿವೇಶದಲ್ಲಿ ಈ ಪ್ರಶ್ನೆಗೆ ನಿಜವಾದ ಬಿಸಿ ತಟ್ಟುತ್ತದೆ. ಇಡೀ ಧಾರಾವಾಹಿಯಲ್ಲಿ ಅಷ್ಟು ಗಟ್ಟಿಯಾದ ಘಟ್ಟ ಇನ್ನೊಂದಿಲ್ಲ.

ಮುಂದೆ ಆ ಕಾವು ಉಳಿಯಲಿಲ್ಲ. ಕಂತಿಗೊಂದು ಹಚ್ಚೆಯನ್ನು ಬಿಡಿಸಲೇಬೇಕೆಂಬ ಕಟ್ಟಳೆಯಿಂದ ಒಗಟು ಪಾತ್ರವನ್ನು ನುಂಗಿತು. ನಾಲ್ಕನೆಯ ಭಾಗದಲ್ಲಿ ಹಳೆಯ ವ್ಯಕ್ತಿತ್ವವಾದ ರೆಮಿ ಮರಳಿ, ಜೇನಳ ಸೋಗಿನಲ್ಲಿ ಓಡಾಡುತ್ತಾಳೆ. ಒಂದೇ ದೇಹದ ಎರಡು ಅಂತಃಸಾಕ್ಷಿಗಳು ಎದುರಾಗಬೇಕಾದ ಈ ಎಡೆಯಲ್ಲಿಯೂ ಕಥೆಗಾರರು ಸಿಕ್ಕಿಬೀಳುವಳೋ ಇಲ್ಲವೋ ಎಂಬ ಕುತೂಹಲಕ್ಕೇ ತೃಪ್ತರಾದರು. ಇಬ್ಬರ ಅಂತರವನ್ನು ಮಾತಿಗಿಂತ ಹೆಚ್ಚಾಗಿ ನೋಟದಲ್ಲಿ ಕಾಣಿಸಿದವರು ನಟಿ ಜೇಮಿ ಅಲೆಕ್ಸಾಂಡರ್.