ಗೆದ್ದವರ ಹಾಳೆ ಗೆಲ್ಲಿಸುವುದಿಲ್ಲ

ರಿಮೋಟ್ ಕಾರುಗಳ ರೇಸಿನಲ್ಲಿ, ಅದರಲ್ಲೂ 1/10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರು ಓಡಿಸುವವರಲ್ಲಿ, ವೇಗದ ಗುಟ್ಟೆಲ್ಲ ಸೆಟಪ್ ಶೀಟಿನಲ್ಲಿದೆ ಎಂಬ ನಂಬಿಕೆ ಬೇರೂರಿದೆ. ಜರ್ಮನಿಯ ಮಾರ್ಕ್ ರೈನಾರ್ಡ್ 2004, 2008 ಮತ್ತು 2010ರಲ್ಲಿ ಟಮಿಯಾ ಕಾರು ಓಡಿಸಿ ವಿಶ್ವ ಚಾಂಪಿಯನ್ ಆದರು. ಅಂಥವರ ಕಾರಿಗೆ ಯಾವ ಸ್ಪ್ರಿಂಗ್ ಹಾಕಿದ್ದರು, ಶಾಕ್‌ನ ಎಣ್ಣೆ ಎಷ್ಟು ಮಂದ, ಚಕ್ರ ಎಷ್ಟು ಡಿಗ್ರಿ ವಾಲಿತ್ತು ಎಂಬುದನ್ನೆಲ್ಲ ಒಂದೇ ಪುಟದಲ್ಲಿ ತುಂಬಿ ಕಂಪನಿಗಳೇ ಹಂಚುತ್ತವೆ. ಆ ಪುಟವನ್ನು ಸಾಲುಸಾಲಾಗಿ ತಮ್ಮ ಕಾರಿಗೆ ಇಳಿಸಿ, ಇನ್ನು ಗೆಲುವೊಂದೇ ಬಾಕಿ ಎಂದು ಕೂರುವವರು ಎಲ್ಲ ಟ್ರ್ಯಾಕಿನಲ್ಲೂ ಸಿಗುತ್ತಾರೆ.

ನನ್ನ ತಕರಾರು ಇಷ್ಟೇ: ಆ ಹಾಳೆಯಲ್ಲಿ ಎಲ್ಲವೂ ಇದೆ, ಮುಖ್ಯವಾದದ್ದೇ ಇಲ್ಲ. ಎತ್ತರ, ಕ್ಯಾಂಬರ್, ಟೋ, ಡ್ರೂಪ್, ಡಿಫ್ (ಡಿಫರೆನ್ಷಿಯಲ್) ಎಣ್ಣೆ, ರೋಲ್ ಸೆಂಟರ್‌ನ ಶಿಮ್, ಹೀಗೆ ಹತ್ತಾರು ಚೌಕಗಳಿವೆ. ಕಾರಿನ ಆರೋಗ್ಯ ಹೇಗಿತ್ತು ಎಂದು ಬರೆಯಲು ಒಂದು ಚೌಕವೂ ಇಲ್ಲ. ಚಾಂಪಿಯನ್‌ನ ಕಾರು ಅಂದು ಸೊಟ್ಟಿಲ್ಲದೆ, ಸೋರದೆ, ಸಡಿಲಿಲ್ಲದೆ ನಿಂತಿತ್ತು ಎಂಬುದು ಅಲ್ಲಿ ಹೇಳದೇ ಬಿಟ್ಟ ಮಾತು. ನಕಲು ಮಾಡುವವರ ಕಣ್ಣು ತಪ್ಪುವುದೂ ಅದೇ.

ಮೊದಲು ಬರೆದ ಅಂಕಿಗಳನ್ನೇ ನೋಡೋಣ. ಶಾಕ್‌ಗೆ ಹಾಕುವುದು ಸಿಲಿಕೋನ್ ಎಣ್ಣೆ. ಶಾಖಕ್ಕೆ ಇದು ಖನಿಜ ತೈಲದಷ್ಟು ತೆಳುವಾಗುವುದಿಲ್ಲ, ನಿಜ. ಆದರೂ 25 ಡಿಗ್ರಿಯಿಂದ 40 ಡಿಗ್ರಿಗೆ ಏರಿದರೆ ಸುಮಾರು ಕಾಲು ಭಾಗ ಮಂದತನ ಕಳೆದುಕೊಳ್ಳುತ್ತದೆ. ಯುರೋಪಿನ ಒಳಾಂಗಣದ ಕಾರ್ಪೆಟ್ ಟ್ರ್ಯಾಕಿಗೆ ಮಂದತನ 400 ಎಂದು ಬರೆದ ಎಣ್ಣೆಯನ್ನು ಹಾಕಿ ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಡಾಂಬರಿನ ಮೇಲೆ ಓಡಿಸಿದರೆ ಅದು 300ರ ಹಾಗೆ ವರ್ತಿಸುತ್ತದೆ. ಮೇಲಾಗಿ ಎಲ್ಲ ಕಂಪನಿಗಳ ಸೀಸೆಯ ನಂಬರ್ ಒಂದೇ ಅಳತೆಯದೂ ಅಲ್ಲ. ಟೈರಿನದು ಇನ್ನೂ ದೊಡ್ಡ ಕಥೆ. ಯುರೋ ಟೂರಿಂಗ್ ಸೀರೀಸ್‌ನಂಥ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ಟೈರ್. ಅಲ್ಲಿನ ಅಂಕಿಗಳೆಲ್ಲ ಆ ಟೈರಿಗೆ, ಆ ನೆಲಕ್ಕೆ ಕೊಟ್ಟ ಉತ್ತರ. ಪ್ರಶ್ನೆಯೇ ಬೇರೆಯಾದಾಗ ಉತ್ತರ ನಕಲು ಮಾಡಿ ಏನು ಫಲ?

ಇಷ್ಟನ್ನು ಹಲವರು ಒಪ್ಪುತ್ತಾರೆ. ಹವೆ ನೋಡಿ ಅಂಕಿ ತಿದ್ದಿಕೊಂಡರಾಯಿತು ಎನ್ನುತ್ತಾರೆ. ಆದರೆ ತಿದ್ದುವ ಮೊದಲು ಮಾಡಬೇಕಾದ್ದು ಬೇರೆ ಇದೆ.

ಕಾರನ್ನು ಸಪಾಟಾದ ಸೆಟಪ್ ಬೋರ್ಡಿನ ಮೇಲಿಡಿ. ಆ್ಯಂಟಿ-ರೋಲ್ ಬಾರ್‌ಗಳನ್ನು ಕಳಚಿ. ಮುಂಭಾಗದ ಸರಿ ನಡುವೆ ಚಾಕುವಿನ ತುದಿ ತೂರಿಸಿ ಮೆಲ್ಲಗೆ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಎಡಗಡೆಯದು ಮೊದಲು ಎದ್ದರೆ ಅದರ ಮೇಲೆ ಭಾರ ಕಡಿಮೆ ಬಿದ್ದಿದೆ ಎಂದರ್ಥ: ಎರಡು ಕಡೆಯ ಸ್ಪ್ರಿಂಗ್ ಒಂದೇ ಸಮ ಇಲ್ಲ, ಇಲ್ಲವೇ ಚಾಸಿಸ್ ತಿರುಚಿಕೊಂಡಿದೆ. ಟ್ರ್ಯಾಕಿನವರು ಇದನ್ನು ಟ್ವೀಕ್ ಎನ್ನುತ್ತಾರೆ. ಕಾರು ಟ್ರ್ಯಾಕಿನ ಅಂಚಿನ ತಡೆಗೆ ಒಮ್ಮೆ ಜೋರಾಗಿ ಬಡಿದರೆ ಸಾಕು, ತಿರುಚು ಬಂದುಬಿಡುತ್ತದೆ. ಟಾಪ್ ಡೆಕ್‌ನ ಸ್ಕ್ರೂಗಳನ್ನು ಸಡಿಲಿಸಿ, ಚಾಸಿಸನ್ನು ಬೋರ್ಡಿಗೆ ಒತ್ತಿ ಹಿಡಿದು, ಮತ್ತೆ ಅಡ್ಡಡ್ಡವಾಗಿ ಬಿಗಿದರೆ ಎಷ್ಟೋ ಸಲ ಸರಿಹೋಗುತ್ತದೆ. ಖರ್ಚು ಬಿಡಿಗಾಸೂ ಇಲ್ಲ. ಇದನ್ನು ಮಾಡದೆ ಅರ್ಧ ಮಿಲಿಮೀಟರ್ ಶಿಮ್ ಬದಲಿಸುತ್ತ ಕೂರುವುದು, ಮುಳ್ಳು ಬಾಗಿದ ತಕ್ಕಡಿಯಲ್ಲಿ ಗುಲಗಂಜಿ ತೂಗಿದ ಹಾಗೆ. ಬಲಕ್ಕೆ ಚೆನ್ನಾಗಿ ತಿರುಗಿ ಎಡಕ್ಕೆ ಹಿಂಬದಿ ಜಾರುವ ಕಾರಿಗೆ ಯಾವ ಚಾಂಪಿಯನ್‌ನ ಹಾಳೆಯಲ್ಲೂ ಮದ್ದಿಲ್ಲ.

ಶಾಕ್‌ಗಳದೂ ಇದೇ ಪಾಡು. ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಎದ್ದು ಒಡೆಯುವವರೆಗೆ ಕಾಯಬೇಕು. ಮುಚ್ಚಿದ ಮೇಲೆ ಕಿವಿ ಹತ್ತಿರ ಹಿಡಿದು ಒತ್ತಿದರೆ ಚಿರ್ ಎನ್ನಬಾರದು. ಎಡಬಲದ ಜೋಡಿಯ ಉದ್ದ ಕ್ಯಾಲಿಪರ್‌ನಲ್ಲಿ ಒಂದೇ ಬರಬೇಕು, ಒತ್ತಿ ಬಿಟ್ಟಾಗ ಎರಡೂ ಸಮನಾಗಿ ಹಿಂದಿರುಗಬೇಕು. ಒಂದರಲ್ಲಿ ಗಾಳಿ ಸೇರಿದ್ದರೆ ಎಣ್ಣೆಯ ನಂಬರ್ ಏನಾದರೇನು? ಹಿಂದಿನ ಡಿಫ್‌ನ ಓ-ರಿಂಗ್ ಸವೆದು ಎಣ್ಣೆ ಸೋರಿದರೆ ಪವರ್ ಕೊಟ್ಟಾಗ ಕಾರಿನ ನಡೆಯೇ ಬದಲಾಗುತ್ತದೆ. ಆಗ ಓಡಿಸುವವರು 5000ದ ಎಣ್ಣೆ ತೆಳುವಾಯಿತೆಂದು 7000ದ್ದನ್ನು ತರಿಸುತ್ತಾರೆ. ಒಳಗಿದ್ದ 5000ದಲ್ಲೇ ಅರ್ಧ ಖಾಲಿಯಾಗಿದೆ ಎಂದು ತೆರೆದು ನೋಡುವವರು ಕಡಿಮೆ.

ಹಾಗಾದರೆ ಚಾಂಪಿಯನ್‌ಗಳು ಅಷ್ಟೆಲ್ಲ ಶಿಮ್, ಸ್ಪ್ರಿಂಗ್ ಬದಲಿಸುವುದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಅವರಿಗೆ ಗೊತ್ತಾಗುತ್ತದೆ. ಏಕೆಂದರೆ ಅವರ ಕಾರಿನಲ್ಲಿ ಬೇರೆ ಗದ್ದಲವಿಲ್ಲ, ಅವರ ಬೆರಳು ಒಂದೇ ಗೆರೆಯಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಹಾಕಬಲ್ಲದು. ನಮ್ಮ ಲೆಕ್ಕ ಬೇರೆ. 15 ಸೆಕೆಂಡಿನ ಲ್ಯಾಪ್ ಇದ್ದರೆ 5 ನಿಮಿಷದ ಸುತ್ತಿನಲ್ಲಿ 20 ಲ್ಯಾಪ್. ಒಳ್ಳೆಯ ಸೆಟಪ್ ಲ್ಯಾಪಿಗೆ 0.1 ಸೆಕೆಂಡ್ ಉಳಿಸಿತು ಎಂದುಕೊಳ್ಳಿ, ಒಟ್ಟು 2 ಸೆಕೆಂಡ್. ಒಂದು ಸಲ ಕಾರು ಮಗುಚಿ, ಮಾರ್ಷಲ್ ಓಡಿ ಬಂದು ನೆಟ್ಟಗೆ ಇಡುವ ಹೊತ್ತಿಗೆ ಅದೆಲ್ಲ ಹೋಯಿತು. ಹೊಸಬರಿಗೆ ಬೇಕಾದದ್ದು ಗಡಸು ಸೆಟಪ್‌ನ ವೇಗವಲ್ಲ, ಪ್ರತಿ ತಿರುವಿನಲ್ಲೂ ಒಂದೇ ರೀತಿ ನಡೆದುಕೊಳ್ಳುವ ಕಾರು.

ಆದರೂ ನಂಬಿಕೆ ಉಳಿದಿದೆ, ಕಾರಣವೂ ಸ್ಪಷ್ಟ. ಹಾಳೆಯ ಪ್ರತಿ ಸಾಲಿನ ಹಿಂದೆ ಕೊಳ್ಳಬಹುದಾದ ಒಂದು ವಸ್ತು ಇದೆ: ಆ ಸ್ಪ್ರಿಂಗ್, ಆ ಬಾರ್, ಆ ಅಲ್ಯೂಮಿನಿಯಂ ಭಾಗ. ತೊಳೆದು ಒರೆಸಿದ ಬೇರಿಂಗನ್ನು ಯಾರೂ ಪ್ಯಾಕೆಟ್ಟಿನಲ್ಲಿಟ್ಟು ಮಾರುವುದಿಲ್ಲ. ಕೊಳ್ಳುವುದು ಕೈ ಕೊಳೆಯಾಗದ ಕೆಲಸ, ಅಂಗಡಿಯವರಿಗೂ ಹಿತ, ನಮಗೂ ಹಿತ.

ಹಾಳೆಯನ್ನು ಹರಿದೆಸೆಯಿರಿ ಎನ್ನುತ್ತಿಲ್ಲ. ಕಿಟ್ಟಿನ ಜತೆ ಬರುವ ಮೂಲ ಸೆಟಪ್, ನಮ್ಮದೇ ಟ್ರ್ಯಾಕಿನಲ್ಲಿ ನಮ್ಮದೇ ಟೈರಿನಲ್ಲಿ ಓಡುವವರ ಹಾಳೆ, ಇವೆರಡೂ ಆರಂಭಕ್ಕೆ ಒಳ್ಳೆಯವು. ಅದರ ಕೆಳಗೆ ಪೆನ್ನಿನಿಂದ ನಾಲ್ಕು ಗೆರೆ ನಾವೇ ಎಳೆದುಕೊಳ್ಳಬೇಕು: ಟ್ವೀಕ್ ನೋಡಿದ ದಿನ, ಶಾಕ್ ಬಿಚ್ಚಿ ಕಟ್ಟಿದ ದಿನ, ಡಿಫ್ ತೆರೆದ ದಿನ, ಬೇರಿಂಗ್ ತೊಳೆದ ದಿನ. ಈ ನಾಲ್ಕು ತುಂಬುವವರೆಗೆ ಮೇಲಿನ ಯಾವ ಅಂಕಿಯನ್ನೂ ಮುಟ್ಟಬಾರದು. ತುಂಬಿದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹಾಗೆ ಮಾಡಿದವರಿಗೆ ಮುಂದೆ ಇನ್ನೊಬ್ಬರ ಹಾಳೆಯನ್ನು ಓದುವುದೂ ಬರುತ್ತದೆ, ಯಾವ ಅಂಕಿ ಏಕೆ ಅಲ್ಲಿದೆ ಎಂದು ಕೇಳುವ ಅರ್ಹತೆಯೂ ಬರುತ್ತದೆ.